ಹದಿನಾಲ್ಕು ಹುದ್ದೆಗೆ ಒಂದೇ ತಕರಾರು

ಅಂಗಡಿಗಳ ತಕ್ಕಡಿ ರಿಪೇರಿ ಮಾಡುವುದು ಅವರ ಕಸುಬು. ಬಡಾವಣೆಯ ಮುಖ್ಯರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ, ಎರಡು ಆಳು ನಿಂತರೆ ತುಂಬಿಹೋಗುವ ಮಳಿಗೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಮೇಜು, ಅದರ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳು, ಒಂದು ಡಬ್ಬಿಯಲ್ಲಿ ಮುಳ್ಳುಗಳು, ಇನ್ನೊಂದರಲ್ಲಿ ಸ್ಪ್ರಿಂಗುಗಳು. ತಕ್ಕಡಿ ಸರಿಯಾದ ಮೇಲೆ ಅಂಗಡಿಯವನ ಕೈಗೆ ಕೊಡುವ ಮೊದಲು ಮೂರು ಸಲ ತೂಗಿ ನೋಡುತ್ತಿದ್ದರು. "ಒಂದು ಸಲ ಸಾಲದಾ?" ಎಂದು ಯಾರಾದರೂ ಕೇಳಿದರೆ, "ಒಂದು ಸಲ ನಿನಗೆ, ಒಂದು ಸಲ ನಿನ್ನ ಗಿರಾಕಿಗೆ, ಒಂದು ಸಲ ನನಗೆ" ಅನ್ನುವರು.

ಬಡಾವಣೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ತಕರಾರಣ್ಣ ಎಂದು. ಇಪ್ಪತ್ನಾಲ್ಕು ವರ್ಷಗಳ ಹಿಂದೆ, ಅವರಿಗೆ ನಲವತ್ತೇಳಾಗಿದ್ದಾಗ, ಪುರಸಭೆಯ ತೆರಿಗೆ ಚೀಟಿಯಲ್ಲಿ ಬೀದಿದೀಪದ ಶುಲ್ಕ ಎಂದು ಒಂದು ಸಾಲು ಕಂಡಿತು. ಅವರ ಬೀದಿಯಲ್ಲಿ ದೀಪವಿರಲಿ, ಕಂಬವೂ ಇರಲಿಲ್ಲ. ಒಂದು ಭಾನುವಾರ ಪೂರ್ತಿ ಬಡಾವಣೆಯನ್ನು ನಡೆದು ಕಂಬಗಳನ್ನು ಎಣಿಸಿದರು. ಪುರಸಭೆಯ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಮೂರು ನಿಮಿಷ ಸಿಗುತ್ತದೆಂದು ಯಾರೋ ಹೇಳಿದ್ದರು. ಹೋಗಿ, ಎದ್ದು ನಿಂತು, ಎಣಿಸಿದ್ದನ್ನು ಓದಿ, ಎರಡೇ ನಿಮಿಷಕ್ಕೆ ಕೂತರು. ಮುಂದಿನ ಚೀಟಿಯಲ್ಲಿ ಆ ಸಾಲು ಇರಲಿಲ್ಲ.

ಅಲ್ಲಿಂದ ಶುರು. ಜೆರಾಕ್ಸ್ ಅಂಗಡಿಯ ಮಹಡಿಯಲ್ಲಿ ತೆರಿಗೆದಾರರ ಸಂಘ ಹುಟ್ಟಿತು. ನಾನೂರ ಹನ್ನೆರಡು ಸದಸ್ಯರು. ಆ ಹುರುಪಿನಲ್ಲಿ ಒಮ್ಮೆ ಚುನಾವಣೆಗೂ ನಿಂತರು. ಸಿಕ್ಕಿದ್ದು ಇನ್ನೂರ ತೊಂಬತ್ತಮೂರು ಮತ. "ನಿಮ್ಮ ಸಂಘದಲ್ಲೇ ನೂರಾ ಹತ್ತೊಂಬತ್ತು ಜನ ನಿಮಗೆ ತಕರಾರು ಹಾಕಿದಾರೆ ಕಣ್ರೀ" ಎಂದು ಹೆಂಡತಿ ನಕ್ಕಿದ್ದನ್ನು ಅವರೇ ಊರಿಗೆಲ್ಲ ಹೇಳಿಕೊಂಡು ನಕ್ಕರು.

ಅವರ ಹೆಸರು ನಿಂತದ್ದು ಮಾತ್ರ ಮಾಲಿಗಳ ಪ್ರಕರಣದಿಂದ. ಆಗಿನ ಅಧ್ಯಕ್ಷರು ತಮ್ಮ ಕಡೆಯ ಏಳು ಜನರನ್ನು ಪುರಸಭೆಯ ಉದ್ಯಾನಕ್ಕೆ ಮಾಲಿಗಳೆಂದು ಖಾಯಂ ಮಾಡಲು ಹೊರಟಿದ್ದರು. ತಕರಾರಣ್ಣ ಒಂಬತ್ತು ಬೆಳಿಗ್ಗೆ ಆ ಉದ್ಯಾನದ ಮುರಿದ ಬೆಂಚಿನ ಮೇಲೆ ಕೂತು ನೋಡಿದರು. ಸಭೆಯಲ್ಲಿ ಎದ್ದು ಹೇಳಿದರು: "ಸ್ವಾಮಿ, ಅಲ್ಲಿರೋದು ಹನ್ನೊಂದು ಗಿಡ. ಮೂರು ಸತ್ತಿವೆ. ಮಿಕ್ಕ ಎಂಟರಲ್ಲಿ ಮಾಲಿಗೊಂದರಂತೆ ಏಳು ಹಂಚೋಣ. ಉಳಿದ ಒಂದನ್ನ ಅಧ್ಯಕ್ಷರು ನೋಡ್ಕೊಳ್ಲಿ." ನಗು ನಿಲ್ಲುವಷ್ಟರಲ್ಲಿ ಮೂರು ನಿಮಿಷದ ಗಂಟೆ ಹೊಡೆದಿತ್ತು. ಆ ವರ್ಷವೇ ಪುರಸಭೆ ಒಂದು ನಿಯಮ ಮಾಡಿತು. ಖಾಯಂ ಮಾಡುವ ಯಾವ ಹುದ್ದೆಯನ್ನೇ ಆಗಲಿ ಮೂವತ್ತು ದಿನ ಪುರಸಭೆಯ ನೋಟೀಸು ಫಲಕದಲ್ಲಿ ಹಾಕಬೇಕು. ಒಬ್ಬ ತೆರಿಗೆದಾರ ತಕರಾರು ಕೊಟ್ಟರೂ ವಿಚಾರಣೆ ಆಗದೆ ಆದೇಶ ಹೊರಡಬಾರದು.

ಆ ನಿಯಮವನ್ನು ಅವರು ಮಗುವಿನಂತೆ ಸಾಕಿದರು. ಕೆಳಗಿನ ಫಲಕದ ಪಟ್ಟಿಯಲ್ಲಿ ಇರುತ್ತಿದ್ದುದು ಹುದ್ದೆಯ ಸಂಖ್ಯೆ, ದರ್ಜೆ, ಅಷ್ಟೆ. ಯಾರು, ಎಲ್ಲಿ, ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ ಎಂಬುದೆಲ್ಲ ಎರಡನೇ ಮಹಡಿಯ ಗುಮಾಸ್ತರ ಹತ್ತಿರವಿದ್ದ ಅನುಬಂಧದಲ್ಲಿ. ಅವರು ಮಹಡಿ ಹತ್ತಿ ಅನುಬಂಧ ಓದುವರು, ಹೆಸರು ಬರೆದುಕೊಳ್ಳುವರು, ಆಮೇಲೆ ಕೆಲಸದ ಜಾಗಕ್ಕೇ ಹೋಗಿ ನೋಡುವರು. ಕಸದ ಗಾಡಿಯ ಹಿಂದೆ ಅರ್ಧ ದಿನ ನಡೆದದ್ದುಂಟು. ಎಷ್ಟೋ ಪಟ್ಟಿಗಳಿಗೆ ಅವರು ತಕರಾರೇ ಹಾಕಲಿಲ್ಲ. "ತಕರಾರಣ್ಣ ನೋಡಿ ಬಿಟ್ಟಿದಾರೆ" ಅಂದರೆ ಆ ಹುದ್ದೆಗೆ ಮುದ್ರೆ ಬಿದ್ದ ಹಾಗೆ.

ಮನೆಗೂ ಒಂದು ಕಟ್ಟಳೆ ಮಾಡಿದ್ದರು. ಪುರಸಭೆಯ ಮಾತು ಮನೆಯೊಳಗೆ ಬರಕೂಡದು. ಯಾರ ಪರವಾಗಿಯೂ ಹೆಂಡತಿ ಶಿಫಾರಸು ಹೇಳಬಾರದು, ಯಾರ ಮೇಲೂ ಮಗಳು ಚಾಡಿ ತರಬಾರದು. ಮಗಳಿಗೆ ಪುರಸಭೆಯ ಶಾಖಾ ಗ್ರಂಥಾಲಯದಲ್ಲಿ ದಿನಗೂಲಿಯ ಕೆಲಸ ಸಿಕ್ಕಿದಾಗ ಆ ಕಟ್ಟಳೆ ಇನ್ನಷ್ಟು ಬಿಗಿಯಾಯಿತು. "ನೀನು ಯಾರ ಮಗಳು ಅಂತ ಅಲ್ಲಿ ಹೇಳ್ಬೇಡ. ನಾನೂ ಹೇಳಲ್ಲ" ಎಂದಿದ್ದರು. ಅವಳು ಹನ್ನೊಂದು ವರ್ಷ ಹೇಳಲಿಲ್ಲ. ಮದುವೆ ಮುರಿದು ತವರಿಗೆ ಬಂದ ಮೇಲೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಪುಸ್ತಕಗಳ ಬೆನ್ನಿಗೆ ಅಂಟು ಹಚ್ಚಿ, ಪತ್ರಿಕೆಗಳಿಗೆ ಕೋಲು ಸಿಕ್ಕಿಸಿ, ಸಂಜೆ ಏಳಕ್ಕೆ ಬೀಗ ಹಾಕಿ ಬರುತ್ತಿದ್ದಳು.

ಎಂಟು ವರ್ಷಗಳ ಹಿಂದೆ ತಕರಾರಣ್ಣನ ಮಂಡಿ ಹೋಯಿತು. ಎರಡೂ. ಪುರಸಭೆಯ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಸಂಘದ ಸದಸ್ಯರು ಅಷ್ಟರಲ್ಲಿ ಮನೆ ಬದಲಿಸಿದ್ದರು, ಬೇಸತ್ತಿದ್ದರು, ಕೆಲವರು ತೀರಿಕೊಂಡಿದ್ದರು. ಕೊನೆಗೆ ಉಳಿದವರು ಅವರು ಮತ್ತು ಜೆರಾಕ್ಸ್ ಅಂಗಡಿಯವನು. ಮೊದಲ ಸಲ ಅನುಬಂಧ ಓದದೆ ಅರ್ಜಿ ಬರೆದಾಗ ಅವರಿಗೆ ನಿದ್ದೆ ಬರಲಿಲ್ಲ. ಹೇಗೂ ವಿಚಾರಣೆ ಇರುತ್ತದೆ, ನಿಜವಾಗಿ ದುಡಿಯುವವರ ಹುದ್ದೆ ಅಲ್ಲಿ ಪಾಸಾಗುತ್ತದೆ ಎಂದು ಸಮಾಧಾನ ಮಾಡಿಕೊಂಡರು. ಎರಡನೇ ಸಲ ನಿದ್ದೆ ಬಂತು. ಆಮೇಲೆ ಅರ್ಜಿಯ ಒಕ್ಕಣೆ ಜೆರಾಕ್ಸ್‌ನವನ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿತು: 'ಅನುಬಂಧವನ್ನು ಪರಿಶೀಲಿಸಲಾಗಿ, ಪಟ್ಟಿಯ ಎಲ್ಲ ಹುದ್ದೆಗಳಿಗೂ ನನ್ನ ತಕರಾರು ಇರುತ್ತದೆ.'

"ಅಣ್ಣಾ, ತಾರೀಕು ಬದಲಾಯಿಸಿದ್ರೆ ಆಯ್ತಲ್ಲ?" ಎಂದು ಅವನು ಕೇಳುವನು.

"ಆಯ್ತು" ಅನ್ನುವರು. ಸಹಿ ಹಾಕುವರು.

ಈ ವರ್ಷದ ಪಟ್ಟಿಯಲ್ಲಿ ಹದಿನಾಲ್ಕು ಹುದ್ದೆಗಳಿದ್ದವು. ಅದಕ್ಕೂ ತಾರೀಕು ಬದಲಾಯಿತು, ಸಹಿ ಬಿತ್ತು.

ಹನ್ನೆರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹೆಂಡತಿ ಬಟಾಣಿ ಸುಲಿಯುತ್ತ ಎದುರು ಕೂತರು.

"ರೀ, ಒಂದು ಮಾತಿದೆ. ಪುರಸಭೆ ಮಾತು."

"ಬೇಡ."

"ಬೇಡ ಅಂದ್ರೂ ಹೇಳ್ತೀನಿ. ನಲವತ್ತಾರು ವರ್ಷ ಬೇಡ ಅಂದಿದ್ದಕ್ಕೆಲ್ಲ ಬಾಯಿ ಮುಚ್ಕೊಂಡಿದ್ದು ಸಾಕು. ಹುಡುಗಿ ನಿಮ್ಮ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು?"

"ಕೆಲಸ ಜಾಸ್ತಿ ಇರ್ಬೇಕು."

"ಕೆಲಸಾನೇ ನೀರು ಪಾಲಾಗ್ತಿದೆ. ನಿಮ್ಮ ಪಟ್ಟಿಯ ಒಂಬತ್ತನೇ ಹುದ್ದೆ ಅವಳದು."

ತಕರಾರಣ್ಣ ಕನ್ನಡಕ ತೆಗೆದರು. ಹೆಂಡತಿ ಬಟಾಣಿಯ ಮೇಲಿಂದ ಕಣ್ಣೆತ್ತದೆ ಮುಂದುವರಿಸಿದರು. ಬರುವ ತಿಂಗಳು ಹದಿನೆಂಟಕ್ಕೆ ಅವಳಿಗೆ ನಲವತ್ತೈದು ತುಂಬುತ್ತದೆ. ತುಂಬಿದ ಮೇಲೆ ಖಾಯಂ ಮಾಡುವಂತಿಲ್ಲ. ವಿಚಾರಣೆ ಎಂದು ಕೂತರೆ ನಾಲ್ಕು ತಿಂಗಳು. ಗ್ರಂಥಾಲಯದಲ್ಲಿ ಖಾಯಂ ಆಗದವರನ್ನು ಈ ವರ್ಷದ ಕೊನೆಗೆ ತೆಗೆಯುತ್ತಾರಂತೆ.

"ನನಗೆ ಯಾಕೆ ಹೇಳ್ಲಿಲ್ಲ ಅವಳು?"

"ಹೇಳ್ಬೇಡ ಅಂದೋರು ಯಾರು? ನಾನೇ ಅಂದೆ, ಹೋಗಿ ಅಪ್ಪನ್ನ ಕೇಳೇ ಅಂತ. ಅದಕ್ಕೆ ಏನಂದ್ಲು ಗೊತ್ತಾ? 'ಅಪ್ಪ ಓದಿಯೇ ಹಾಕಿರ್ತಾರೆ ಅಮ್ಮ. ಓದಿ, ನನ್ನ ಹೆಸರು ನೋಡಿ, ಮಗಳು ಅಂತ ಬಿಟ್ರೆ ತಪ್ಪಾಗುತ್ತೆ ಅಂತ ಹಾಕಿರ್ತಾರೆ. ಅಪ್ಪ ಅಂದ್ರೆ ಹಾಗೇ.' ಅತ್ತಳು. ಆದ್ರೆ ಒಂದು ಮಾತು ನಿಮ್ಮನ್ನ ಬೈಲಿಲ್ಲ."

ಅವರು ಕನ್ನಡಕದ ಗಾಜು ಒರೆಸತೊಡಗಿದರು. ಹೆಂಡತಿ ಅದನ್ನು ಹಟ ಎಂದು ತಿಳಿದು ಬೋಗುಣಿ ಎತ್ತಿಕೊಂಡು ಒಳಗೆ ಹೋದರು.

ಸುಮ್ಮನಿದ್ದುಬಿಡಬಹುದಿತ್ತು. ಮಗಳ ಕೆಲಸ ಹೋಗುತ್ತಿತ್ತು, ಆದರೆ ಅವಳ ಕಣ್ಣಿನಲ್ಲಿ ಅಪ್ಪ ಅಪ್ಪನಾಗಿಯೇ ಉಳಿಯುತ್ತಿದ್ದರು. ಆ ಯೋಚನೆ ತಮಗೆ ಬಂತಲ್ಲ ಎಂದು ಅವರಿಗೇ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಹೋಗಿ ಬಿಳಿ ಹಾಳೆ ಕೇಳಿದರು. ತಕರಾರು ಹಿಂತೆಗೆದುಕೊಳ್ಳಲು ಕಾರಣ ಬರೆಯಲೇಬೇಕೆಂದು ನಿಯಮದಲ್ಲಿತ್ತು. ಆ ಸಾಲನ್ನು ಸೇರಿಸಿ ಎಂದು ಹಟ ಹಿಡಿದವರು ಅವರೇ, ಯಾರೂ ಹೆದರಿಸಿ ಹಿಂತೆಗೆಸಬಾರದೆಂದು.

"ಆರೋಗ್ಯ ಸರಿಯಿಲ್ಲ ಅಂತ ಬರೀರಿ ಅಣ್ಣ" ಎಂದ ಅಂಗಡಿಯವನು. "ಸುಳ್ಳೇನಲ್ಲವಲ್ಲ, ಮಂಡಿ ಇದೆಯಲ್ಲ."

"ಸಹಿ ಹಾಕಿದ್ದು ಮಂಡಿ ಅಲ್ಲ" ಎಂದು ಹೇಳಿ ಅವರು ಹಾಳೆಯಲ್ಲಿ ಬರೆದರು: 'ಅನುಬಂಧವನ್ನು ಓದದೆ ಸಹಿ ಮಾಡಿರುತ್ತೇನೆ.'

ಎರಡನೇ ಮಹಡಿಗೆ ಹತ್ತಲು ಅರ್ಧ ಗಂಟೆ ಹಿಡಿಯಿತು. ಮೆಟ್ಟಿಲ ತಿರುವಿನಲ್ಲಿ ಎರಡು ಸಲ ಕೂತರು. ಹಳೆಯ ಗುಮಾಸ್ತ ಎದ್ದು ಬಂದು ತನ್ನ ಕುರ್ಚಿಯನ್ನೇ ಕೊಟ್ಟ.

"ಎಷ್ಟು ವರ್ಷ ಆಯ್ತಣ್ಣ ನೀವು ಮೇಲೆ ಬಂದು!"

"ನಿನಗೇ ಗೊತ್ತಲ್ಲ."

"ಗೊತ್ತು." ಅವನು ಅನುಬಂಧ ಓದಿದವರು ಸಹಿ ಮಾಡುವ ಪುಸ್ತಕವನ್ನು ತೆರೆದ. ಕೊನೆಯ ಸಹಿ ಎಂಟು ವರ್ಷ ಹಳೆಯದು. "ನಮಗೆಲ್ಲ ಗೊತ್ತಿತ್ತು. ಯಾರೂ ಮಾತೆತ್ತಲಿಲ್ಲ. ಯಾಕೆ ಎತ್ತಬೇಕು ಹೇಳಿ? ಯಾರನ್ನೂ ಖಾಯಂ ಮಾಡೋ ಗೋಜಿಲ್ಲ. ಬೈಗಳೆಲ್ಲ ನಿಮ್ಮ ತಲೆಗೆ."

"ವಿಚಾರಣೆಗಳು?"

"ಕರೆದ್ರೆ ತಾನೆ ಅಣ್ಣ."

ತಕರಾರಣ್ಣ ಅನುಬಂಧ ಕೇಳಿ ತರಿಸಿಕೊಂಡರು. ಹದಿನಾಲ್ಕನ್ನೂ ಓದಿದರು. ಒಂಬತ್ತನೆಯ ಸಾಲಿನಲ್ಲಿ ಮಗಳಿದ್ದಳು: ಗ್ರಂಥಾಲಯ ಸಹಾಯಕಿ, ಹನ್ನೊಂದು ವರ್ಷ, ಪಡೆದ ರಜೆ ನಾಲ್ಕು ದಿನ. ಆ ನಾಲ್ಕು ದಿನ ಯಾವುವೆಂದು ಅವರಿಗೆ ಗೊತ್ತಿತ್ತು. ಅವರಿಗೆ ಕಣ್ಣಿನ ಆಪರೇಷನ್ ಆಗಿದ್ದಾಗ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದವಳು ಅವಳೇ. ಹನ್ನೆರಡು ಮತ್ತು ಹದಿಮೂರನೇ ಸಾಲಿನಲ್ಲಿ ಹಳೆಯ ಮಾರುಕಟ್ಟೆ ಕಟ್ಟಡಕ್ಕೆ ಇಬ್ಬರು ಕಾವಲುಗಾರರು. ಆ ಕಟ್ಟಡವನ್ನು ಕೆಡವಿ ಮೂರು ವರ್ಷವಾಗಿತ್ತು.

"ಈ ಎರಡಕ್ಕೆ ಇಟ್ಟು ಮಿಕ್ಕಿದ್ದಕ್ಕೆ ವಾಪಸ್ ತಗೊಳ್ಳಬಹುದಾ?"

"ಒಂದೇ ಅರ್ಜಿ ಅಣ್ಣ. ತಗೊಂಡ್ರೆ ಪೂರ್ತಿ, ಬಿಟ್ರೆ ಪೂರ್ತಿ. ಹೊಸದು ಕೊಡೋಕೆ ಮೂವತ್ತು ದಿನ ನಿನ್ನೆಗೆ ಮುಗೀತು."

ಅವರು ಆ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದರು. ಆಮೇಲೆ ಬರೆದು ತಂದಿದ್ದ ಹಾಳೆಯನ್ನು ಮೇಜಿನ ಮೇಲೆ ಇಟ್ಟರು.

ಆ ವಾರದ ಸಭೆಯಲ್ಲಿ ಅಧ್ಯಕ್ಷರು ಪತ್ರವನ್ನು ತಾವೇ ಓದಿದರು, ನಿಧಾನವಾಗಿ, ಎರಡು ಸಲ. ಓದದೆ ಹಾಕುವ ಒಬ್ಬರ ಸಹಿಗಾಗಿ ಇಷ್ಟು ವರ್ಷ ಬಡವರ ಹೊಟ್ಟೆಯ ಮೇಲೆ ಹೊಡೆದಂತಾಯಿತು, ಆದ್ದರಿಂದ ನಿಯಮವನ್ನೇ ರದ್ದು ಮಾಡೋಣ ಎಂದರು. ಕೈಗಳು ಎದ್ದವು. ಸಾರ್ವಜನಿಕರ ಸರದಿ ಬಂದಾಗ ತಕರಾರಣ್ಣ ಕೋಲೂರಿ ನಿಂತು, ಇಲ್ಲದ ಕಟ್ಟಡಕ್ಕೆ ಇಬ್ಬರು ಕಾವಲುಗಾರರಿದ್ದಾರೆ ಎಂದರು.

"ಅಂತೂ ಈಗಲಾದ್ರೂ ಓದ್ಕೊಂಡು ಬಂದ್ರಲ್ಲ ಯಜಮಾನ್ರೇ, ಸಂತೋಷ" ಎಂದರು ಅಧ್ಯಕ್ಷರು. ಸಭೆ ನಕ್ಕಿತು. ಆಮೇಲೆ ಅಧ್ಯಕ್ಷರು, ತಪ್ಪು ಒಪ್ಪಿಕೊಂಡ ಹಿರಿಯರಿಗೆ ಒಂದು ಚಪ್ಪಾಳೆ ಎಂದರು. ಆ ಹಾಲಿನಲ್ಲಿ ಅವರಿಗಾಗಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಮೂರು ನಿಮಿಷದಲ್ಲಿ ಇನ್ನೂ ಎರಡು ಉಳಿದಿತ್ತು. ಅವರು ಕೂತರು.

ಮಗಳಿಗೆ ವಿಷಯ ಗ್ರಂಥಾಲಯದಲ್ಲೇ ತಿಳಿಯಿತು. ಸಂಜೆ ಬಂದವಳು ಚೀಲ ಇಳಿಸದೆ ಅವರ ಮುಂದೆ ನಿಂತಳು.

"ಅಪ್ಪ, ನಿಜವಾಗ್ಲೂ ಓದಿರ್ಲಿಲ್ವಾ? ನನಗೋಸ್ಕರ ಹಾಗೆ ಬರೆದ್ರಾ?"

ಅವಳ ದನಿಯಲ್ಲಿ ಇನ್ನೂ ಒಂದು ದಾರಿ ಇತ್ತು. ಹೌದಮ್ಮ ನಿನಗೋಸ್ಕರ ಅಂದರೆ ಸಾಕಿತ್ತು.

"ಓದಿರ್ಲಿಲ್ಲ ಪುಟ್ಟಿ."

"ಈ ಸಲ ಮಾತ್ರವಾ?"

"ಎಂಟು ವರ್ಷದಿಂದ."

ಅವಳು ಚೀಲವನ್ನು ನೆಲಕ್ಕಿಳಿಸಿದಳು. "ಓದಿ ಹಾಕಿದೀರಿ ಅಂತ ಇಷ್ಟು ದಿನ ಸಂಕಟ ಪಟ್ಟೆ" ಎಂದಳು. "ಅದೇ ಎಷ್ಟೋ ವಾಸಿ ಇತ್ತು." ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮಂಡಿಯ ಮಾತ್ರೆ ತಗೊಂಡಿರಾ ಎಂದು ವಿಚಾರಿಸಿದಳು.

ಅವಳ ಆದೇಶ ಹುಟ್ಟಿದ ದಿನಕ್ಕೆ ಆರು ದಿನ ಮೊದಲು ಬಂತು. ಕಾವಲುಗಾರರದೂ ಅದೇ ದಿನ ಬಂತು. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಮಗಳು ಹೊತ್ತಿಗೆ ಸರಿಯಾಗಿ ಮಾತಾಡಿಸುತ್ತಾಳೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಪರಿಚಯದ ಹಿರಿಯರೊಬ್ಬರನ್ನು ನೋಡಿಕೊಂಡ ಹಾಗೆ.

ಅದಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ, ಮಳಿಗೆಯ ಬಾಗಿಲು ಅರ್ಧ ಎತ್ತಿದಾಗ, ಬಡಾವಣೆಗೆ ನೀರು ಬಿಡುವವನು ಬಂದು ನಿಂತ. ಐವತ್ತರ ಹತ್ತಿರದ ಆಳು. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲಿತ್ತು. ಅದನ್ನು ಗೋಡೆಗೆ ಒರಗಿಸಿದ.

"ಅಣ್ಣ, ಒಂದು ಕೇಳ್ಬೇಕಿತ್ತು. ಐದು ವರ್ಷದ ಹಿಂದೆ ನನ್ನದೂ ಪಟ್ಟಿಯಲ್ಲಿತ್ತು. ನಾಲ್ಕನೇದು. ಆಮೇಲೆ ವಯಸ್ಸು ದಾಟಿಹೋಯ್ತು, ಬಿಡಿ."

ತಕರಾರಣ್ಣ ಸ್ಟೂಲು ಎಳೆದು ಕೊಟ್ಟರು. ಅವನು ಕೂರಲಿಲ್ಲ.

"ಮನೇಲಿ ನಮ್ಮವಳು ಕೇಳ್ತಾನೇ ಇದ್ಲು, ನೀನು ಏನ್ ತಪ್ಪು ಮಾಡಿದೀಯ, ಅವರು ಸುಮ್ಮಸುಮ್ಮನೆ ಹಾಕೋ ಮನುಷ್ಯ ಅಲ್ವಲ್ಲ ಅಂತ. ನಾನೂ ತಲೆ ಕೆಡಿಸ್ಕೊಂಡಿದ್ದೆ. ಒಂದೆರಡು ಸಲ ನೀರು ತಡವಾಗಿ ಬಿಟ್ಟಿದ್ದೆ. ಅದನ್ನ ನೋಡಿರ್ಬೇಕು ಅಣ್ಣ ಅಂದ್ಕೊಂಡೆ. ನನ್ನದು ಓದಿದ್ರಾ?"

"ಇಲ್ಲಪ್ಪ" ಎಂದರು ತಕರಾರಣ್ಣ.

ನೀರಿನವನು ತಲೆಯಾಡಿಸಿದ. ರಸ್ತೆಯ ಕಡೆ ಒಮ್ಮೆ ನೋಡಿದ.

"ಹಾಗಾದ್ರೆ ನೀರು ತಡ ಆಗಿದ್ದಕ್ಕಲ್ಲ."

"ಅಲ್ಲ."

"ಅವಳಿಗೆ ಹೇಳ್ತೀನಿ" ಎಂದು ಅವನು ಕೀಲಿಯನ್ನು ಹೆಗಲಿಗೇರಿಸಿಕೊಂಡ. ಮೂರನೇ ಅಡ್ಡರಸ್ತೆಗೆ ನೀರು ಬಿಡುವ ಹೊತ್ತಾಗಿತ್ತು. ತಕರಾರಣ್ಣ ಅರ್ಧ ಎತ್ತಿದ ಬಾಗಿಲ ಕೆಳಗೆ, ಅವನು ಆ ಅಡ್ಡರಸ್ತೆಯ ತಿರುವು ದಾಟುವವರೆಗೂ ನಿಂತಿದ್ದರು.