ಹುಲ್ಲಿನಾಚೆ ಬಿಟ್ಟ ಬೂಟು

ಕಾಡುಗೋಡಿಯಿಂದ ವಿಮಾನ ನಿಲ್ದಾಣಕ್ಕೆ ಬಸ್ಸಿನಲ್ಲಿ ತಲಾ ಮುನ್ನೂರು ರೂಪಾಯಿ ಕೊಟ್ಟು ಹೊರಟೆವು. ಜೊತೆಗಿದ್ದವಳು ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದ ರೂಪಾ. ನಾವು ರಾಗಿ ಬಡಿಯುತ್ತಿದ್ದ ಕಣದಲ್ಲಿ ಈಗ ಕಟ್ಟಡ ಕೆಲಸದವರ ಮಕ್ಕಳಿಗೊಂದು ಶಿಶುವಿಹಾರವಿದೆ. ಅದರ ತಗಡಿನ ಸೂರು ಸೋರುತ್ತದೆ. ರೂಪಾಳ ಆಫೀಸು ತನ್ನ ಖರ್ಚಿನಲ್ಲೇ ಜನರನ್ನು ಕಳಿಸುವ ಇಂಗ್ಲೆಂಡಿನ ಓಟವೊಂದರಲ್ಲಿ ನಾನು ಹತ್ತು ಕಿಲೋಮೀಟರನ್ನು ಎರಡು ಗಂಟೆಯೊಳಗೆ ಮುಗಿಸಿದರೆ ಹೊಸ ಚಾವಣಿ ಹಾಕಿಸುವುದಾಗಿ ಆ ಆಫೀಸಿನವರು ಒಪ್ಪಿದ್ದರು. ಅರವತ್ತೆಂಟರ ಮುದುಕಿ ಎಲ್ಲಿ ಮುಗಿಸುತ್ತಾಳೆಂದು ಧೈರ್ಯವಾಗಿ ಒಪ್ಪಿದರೋ ಏನೋ. ನಾನು ಮೂರು ತಿಂಗಳು ದಿನಾ ಬೆಳಿಗ್ಗೆ ಪಟ್ಟಂದೂರು ಅಗ್ರಹಾರದವರೆಗೆ ಬಿರುಸಾಗಿ ನಡೆದು ಬರುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ.

ವಿಮಾನದಲ್ಲಿ ಹತ್ತು ಗಂಟೆ, ಆಮೇಲೆ ರೈಲಿನಲ್ಲಿ ಎರಡು ಗಂಟೆ. ಊರು ಚಿಕ್ಕದು, ಚಳಿ ದೊಡ್ಡದು. ಎರಡನೆಯ ದಿನವಿಡೀ ಜಿಟಿಜಿಟಿ ಮಳೆ. ಅಲ್ಲಿನ ಊಟ ಸೇರದೆ, ಕಟ್ಟಿಕೊಂಡು ಹೋಗಿದ್ದ ರಾಗಿ ಹುರಿಹಿಟ್ಟಿಗೆ ಬಿಸಿ ಹಾಲು, ಸಕ್ಕರೆ ಕಲಸಿ ತಿಂದೆ.

ಮೂರನೆಯ ದಿನ ಓಟ. ರೂಪಾ ನನ್ನ ಬೂಟಿನ ದಾರಕ್ಕೆ ಗುಂಡಿಯಷ್ಟು ದೊಡ್ಡ ಚಿಪ್ ಕಟ್ಟಿ, ಅದು ಕೊನೆಯ ಗೆರೆ ದಾಟಿದರೇ ಲೆಕ್ಕ ಎಂದಳು. ತಲೆಯಾಡಿಸಿದೆ. ಸೀರೆ ಎತ್ತಿ ಕಟ್ಟಿ, ಮದುವೆಯಾದ ಹೊಸದರಲ್ಲಿ ತಲೆಯ ಮೇಲೆ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿದ್ದ ಹಾಗೆ ನಡೆದೆ. ಮುದ್ದೆ ಆರುವ ಮುಂಚೆ ತಲುಪಬೇಕಿತ್ತು ಆಗ.

ಓಟ ಮುಗಿಯುವುದು ಒಂದು ಮೈದಾನದಲ್ಲಿ. ಕೆಸರಾಗಿದೆಯೆಂದು ಕೊನೆಯ ನೂರು ಹೆಜ್ಜೆಗೂ ಹುಲ್ಲು ಹರಡಿದ್ದರು. ನೆನೆದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಸಗಣಿ ಸಾರಿಸಿದ ನಮ್ಮ ಕಣ, ಸುತ್ತುವ ಎತ್ತು, ಕಣದಂಚಿನಲ್ಲೇ ನಿಂತು ಎಲ್ಲರ ಕಾಲು ನೋಡುತ್ತಿದ್ದ ಅತ್ತೆ, ಎಲ್ಲ ಒಟ್ಟಿಗೆ ಬಂದವು. ಬೂಟು ಬಿಚ್ಚಿ, ದಾರಿಯ ಬದಿಗೆ ಕಟ್ಟಿದ್ದ ಹಗ್ಗದ ಪಕ್ಕ ಇಟ್ಟೆ. ಬರಿಗಾಲಲ್ಲಿ ನಡೆದು, ಕೈಮುಗಿದು ಗೆರೆ ದಾಟಿದೆ. ಇನ್ನೂ ಎಂಟು ನಿಮಿಷ ಉಳಿದಿತ್ತು.

ಓಡಿಬಂದು ತಬ್ಬಿಕೊಂಡ ರೂಪಾ ನನ್ನ ಕಾಲು ನೋಡಿದಳು.

“ಅಜ್ಜೀ, ಶೂ ಎಲ್ಲಿ?”

“ಆಚೆ ಬಿಟ್ಟೆ. ಕಣದೊಳಕ್ಕೆ ಕೆರ ಆಕ್ಕೊಂಡು ಓಗ್ತಾರೇನೇ?”

“ಚಿಪ್ ಅದ್ರಲ್ಲೇ ಇರೋದು ಅಜ್ಜಿ. ಕಂಪ್ಯೂಟರ್ ಪ್ರಕಾರ ನೀವಿನ್ನೂ ಬಂದೇ ಇಲ್ಲ.”

ಮಕ್ಕಳ ಸೂರು ಅಲ್ಲಿ ಹಗ್ಗದ ಪಕ್ಕ ಕೂತಿತ್ತು. ಗೆರೆಯ ಹತ್ತಿರ ಓಟ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಏನು ಮಾಡುವುದೆಂದು ರೂಪಾ ಕೇಳಿದಳು. ಆಕೆ ನಕ್ಕು, ಹೋಗಿ ತರಲಿ ಎಂದಳು. ಎಲ್ಲರೂ ಬರುವ ದಿಕ್ಕಿಗೆ ಎದುರಾಗಿ ನಾನೊಬ್ಬಳೇ ಓಡಿದೆ. ಬೂಟು ಎತ್ತಿಕೊಂಡೆ. ಚರ್ಮದ್ದಲ್ಲ, ಬಟ್ಟೆಯದು ಎಂದು ಅತ್ತೆಗೆ ಮನಸ್ಸಿನಲ್ಲೇ ಹೇಳಿ, ಕಂಕುಳಲ್ಲಿ ಅವುಚಿಕೊಂಡು ಬಂದೆ. ಯಂತ್ರ ಕುಂಯ್ ಎಂದಿತು. ಎರಡು ನಿಮಿಷ ಉಳಿದಿತ್ತು.

ಊರಿಗೆ ಬಂದವಳು ಬಸ್ಸಿಳಿದು ನೇರವಾಗಿ ಶಿಶುವಿಹಾರಕ್ಕೆ ಹೋದೆ. ಹೊಸ ಚಾವಣಿಗೆ ಅಳತೆ ತೆಗೆಯುತ್ತಿದ್ದರು. ಬಾಗಿಲಲ್ಲಿ ಪುಟ್ಟ ಚಪ್ಪಲಿಗಳ ಸಾಲಿತ್ತು. ಕಣ ಎಂಬ ಮಾತನ್ನೇ ಕೇಳದ ಮಕ್ಕಳು. ನಾನೂ ಬೂಟನ್ನು ಆ ಸಾಲಿನಲ್ಲೇ ಬಿಟ್ಟೆ. ಒಳಗೆ ಕಾಲಿಡುವ ಮುಂಚೆ ಮಾತ್ರ ಒಮ್ಮೆ ತಿರುಗಿ ನೋಡಿಕೊಂಡೆ.