ಮೊಟ್ಟೆ ನಿಂತ ಸಮಾಧಿ

ನಮ್ಮ ಪಕ್ಕದ ಮನೆಯ ಖಿಯೆಮ್ ದಿನಾ ಬೆಳಿಗ್ಗೆ ತನ್ನ ಫೋಟೋಕ್ಕೆ ತಾನೇ ಊದುಬತ್ತಿ ಹಚ್ಚುತ್ತಿದ್ದ. ಹಚ್ಚದಿದ್ದರೆ ಅವನ ತಾಯಿ ನ್ಯಾನಜ್ಜಿ ತಿಂಡಿ ಕೊಡುತ್ತಿರಲಿಲ್ಲ. "ಸತ್ತೋರಿಗೆ ಮೊದ್ಲು, ಆಮೇಲೆ ನಿಂಗೆ" ಎನ್ನುತ್ತಿದ್ದಳು.

ಯುದ್ಧದಲ್ಲಿ ಅವನು ಸತ್ತನೆಂದು ಸೇನೆಯವರು ಬಂದು ಹೇಳಿಹೋಗಿದ್ದರು. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಅಜ್ಜಿ ಮಗನ ಮೂಳೆ ಹುಡುಕಿಕೊಂಡು ರಾಷ್ಟ್ರೀಯ ಹುತಾತ್ಮರ ಸ್ಮಶಾನಕ್ಕೆ ಹೋದಳು. ಗುಡ್ಡದ ತುಂಬ ಸಮಾಧಿಗಳು, ಅರ್ಧಕ್ಕರ್ಧ ಹೆಸರಿಲ್ಲದವು. ಅವುಗಳ ನಡುವೆ ನಮ್ಮವರನ್ನು ಹುಡುಕಲು ನಮ್ಮ ಜನಕ್ಕೆ ಗೊತ್ತಿರುವುದು ಒಂದೇ ದಾರಿ. ಸಮಾಧಿಯ ಮಣ್ಣಿಗೆ ಊಟದ ಕಡ್ಡಿ ನೆಟ್ಟು ಅದರ ತುದಿಯ ಮೇಲೆ ಕೋಳಿಮೊಟ್ಟೆ ಇಡಬೇಕು. ಬಿದ್ದರೆ ಪರರ ಮಗ, ನಿಂತರೆ ನಮ್ಮವ. ಅಜ್ಜಿ ಬುಟ್ಟಿ ತುಂಬ ಮೊಟ್ಟೆ ಒಡೆದ ಮೇಲೆ ಒಂದು ನಿಂತಿತು. ಗಾಳಿ ಬೀಸಿದರೂ ಅಲುಗಲಿಲ್ಲವಂತೆ. ಅಳುವ ಮುದುಕಿಯ ಮುಂದೆ ಯಾರು ವಾದ ಮಾಡುತ್ತಾರೆ? ಸ್ಮಶಾನದವರು ಆ ಕಲ್ಲಿಗೆ ಖಿಯೆಮನ ಹೆಸರು ಕೆತ್ತಿಸಿಕೊಟ್ಟರು.

ಎರಡು ವರ್ಷ ಕಳೆದ ಮೇಲೆ, ಸರಿಯಾಗಿ ತನ್ನ ತಿಥಿಯ ದಿನವೇ, ಖಿಯೆಮ್ ಕಂಕುಳಲ್ಲಿ ಎರಡು ಬಾತುಕೋಳಿ ಇರುಕಿಕೊಂಡು ಊರಿಗೆ ಬಂದ. ಯುದ್ಧದಲ್ಲಿ ಸೆರೆ ಸಿಕ್ಕಿದ್ದವನು ಊರಿಗೆ ಮುಖ ತೋರಿಸಲು ನಾಚಿ, ಯುದ್ಧ ನಡೆದ ದಕ್ಷಿಣದಲ್ಲೇ ಬಾತು ಸಾಕಿಕೊಂಡು ಉಳಿದಿದ್ದ. ಅಜ್ಜಿ ತಬ್ಬಿಕೊಂಡು ಅತ್ತಳು, ಅವನ ತಿಥಿಯ ಅಡುಗೆಯನ್ನು ಅವನಿಗೇ ಬಡಿಸಿದಳು. ಊರವರಿಗೆ ಮಾತ್ರ ಅನುಮಾನ ಹೋಗಲಿಲ್ಲ. ಮನುಷ್ಯ ಸುಳ್ಳು ಹೇಳಿಯಾನು, ಮೊಟ್ಟೆ ಯಾಕೆ ಹೇಳುತ್ತದೆ ಎಂದರು. ನನ್ನ ಊರಿನ ಬುದ್ಧಿಗೆ ಏನು ಹೇಳಲಿ.

ಅವನು ಲುವಾಳನ್ನು ಮದುವೆಯಾಗಲು ಹೊರಟಾಗ ಈ ತಮಾಷೆ ಕುತ್ತಿಗೆಗೆ ಬಂತು. ಲುವಾಳ ಅಪ್ಪ ವೊಂಗ್ ಹಂದಿ ಸಾಕುವವನು, ಮಹಾ ಲೆಕ್ಕಾಚಾರದ ಮನುಷ್ಯ. "ಗೋರಿ ಇರೋನಿಗೆ ಕೊಟ್ರೆ ನನ್ ಮಗಳು ಮದ್ವೆ ದಿನಾನೇ ವಿಧವೆ. ಮೊದ್ಲು ಕಲ್ಲಿಂದ ಹೆಸ್ರು ತೆಗ್ಸು, ಆಮೇಲೆ ಎಲೆ ಅಡಿಕೆ ತಗೊಂಡ್ ಬಾ" ಎಂದ.

ಕಲ್ಲು ಮುಟ್ಟಿದರೆ ಅನ್ನ ಮುಟ್ಟುವುದಿಲ್ಲ ಎಂದು ಅಜ್ಜಿ ಹಟ ಹಿಡಿದಳು. ಖಿಯೆಮನಿಗೆ ಸಿಟ್ಟು ನೆತ್ತಿಗೇರಿತು. ಬದುಕಿರುವ ಮಗನಿಗಿಂತ ಯಾರದೋ ಮೂಳೆ ಹೆಚ್ಚಾಯಿತೇ ಎಂದು ಕೂಗಾಡಿ, ಸ್ಮಶಾನದವರ ಒಪ್ಪಿಗೆ ಪಡೆದು ಹೊರಟೇಬಿಟ್ಟ. ವೊಂಗ್ ಸಾಕ್ಷಿಗೆಂದು ಬಂದ, ನಾನು ಜಗಳ ಬಿಡಿಸಲು ಹೋದೆ. ಅಜ್ಜಿ ಯಾರೂ ಕರೆಯದೆ ಅದೇ ಬಸ್ಸು ಹತ್ತಿದಳು.

ಸ್ಮಶಾನದಲ್ಲಿ ಕಲ್ಲು ಕೆತ್ತನೆಯವನು ಉಳಿ ಎತ್ತಿದಾಗ ಅಜ್ಜಿ ಕಲ್ಲನ್ನು ಅವಚಿಕೊಂಡು ಕೂತಳು.

"ಅಮ್ಮಾ, ಮೊಟ್ಟೆ ತಪ್ಪು ಹೇಳ್ತು ಅಂತ ಒಪ್ಕೊಂಬಿಡು. ನಾನಿಲ್ಲೇ ನಿಂತಿದೀನಲ್ಲ" ಎಂದ ಖಿಯೆಮ್.

"ಅದು ತಪ್ಪು ಹೇಳಿಲ್ಲ ಮಗಾ" ಎಂದಳು ಅಜ್ಜಿ. "ಎಲ್ಲಾ ಗೋರಿ ಮುಂದೂ 'ನೀನು ಖಿಯೆಮಾ' ಅಂತ ಕೇಳ್ದೆ. ಒಬ್ರೂ ಹೂಂ ಅನ್ಲಿಲ್ಲ. ಕೊನೇಗೆ ಒಂದೇ ಮೊಟ್ಟೆ ಉಳೀತು. ಈ ಮಗೂನ ಬೇರೆ ಥರ ಕೇಳ್ದೆ, 'ನಿಂಗ್ಯಾರೂ ಇಲ್ವಾ, ನಮ್ಮನೆಗೆ ಬರ್ತೀಯಾ' ಅಂತ. ನಿಂತ್ಕೊಂಬಿಡ್ತು. ಕರೆದೋಳು ನಾನೇ, ಈಗ ಹೆಂಗಪ್ಪಾ ಆಚೆಗ್ ಹಾಕ್ಲಿ?"

ಖಿಯೆಮ್ ಕೆತ್ತನೆಯವನ ಕೈಯಿಂದ ಉಳಿ ತೆಗೆದುಕೊಂಡು ಕೆಳಗಿಟ್ಟ. ಕೊನೆಗೆ ವೊಂಗನೇ ಲೆಕ್ಕ ಹಾಕಿದ. ಹಾಗಾದರೆ ಮನೆಗೆ ಮೊದಲು ಬಂದವನು ಮಣ್ಣಿನಲ್ಲಿರುವವನು, ಅವನೇ ಹಿರಿಮಗ. ಖಿಯೆಮ್ ಆಮೇಲೆ ಬಂದ ಕಿರಿಮಗ. ಕಿರಿಮಗನಿಗೆ ಗೋರಿ ಇಲ್ಲ, ಹೆಣ್ಣು ಕೊಡಲು ಅಡ್ಡಿಯಿಲ್ಲ.

ಹೀಗೆ ಖಿಯೆಮ್ ತನಗೆ ತಾನೇ ತಮ್ಮನಾದ. ಮದುವೆಯ ದಿನ ತನ್ನದೇ ಫೋಟೋಕ್ಕೆ ತಲೆಬಾಗಿ ಅಣ್ಣಾ, ಹರಸು ಎಂದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲುವಾ ಮಾತ್ರ ನಗಲಿಲ್ಲ. ಭಾವನಿಗೆಂದು ಒಂದು ಬಟ್ಟಲು ಚಹಾ ಇಟ್ಟಳು.

ನ್ಯಾನಜ್ಜಿ ತೀರಿಕೊಂಡ ವರ್ಷ ಖಿಯೆಮ್ ಜೊತೆ ನಾನು ಮತ್ತೆ ಆ ಗುಡ್ಡಕ್ಕೆ ಹೋದೆ. ತಾಯಿ ಸತ್ತರೆ ನಮ್ಮಲ್ಲಿ ಗಂಡುಮಕ್ಕಳು ಹಣೆಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಅವನ ಹಣೆಯ ಮೇಲೊಂದಿತ್ತು. ಜೇಬಿನಿಂದ ಇನ್ನೊಂದು ತೆಗೆದು, ತನ್ನ ಹೆಸರಿದ್ದ ಕಲ್ಲಿನ ತಲೆಗೆ ಸುತ್ತಿ ಗಂಟು ಹಾಕಿದ.

"ಅಣ್ಣಾ, ಅಮ್ಮ ಹೋಗ್ಬಿಟ್ಳು" ಎಂದ.