ಮರಗಮ್ಮನ ಗಾಡಿಯ ಹಿಂದೆ ಬಂದ ಸೋನುಬಾಯಿ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ. ಮನ್ನಾಏಖೇಳ್ಳಿಯ ಆಸುಪಾಸಿನಲ್ಲಿ ವಾಂತಿಭೇದಿ ಎದ್ದಿತ್ತು. ರೋಗ ಬಂದ ಊರವರು ಮರಗಮ್ಮ ದೇವಿಯನ್ನು ಪುಟ್ಟ ಗಾಡಿಯಲ್ಲಿ ಕೂರಿಸಿ, ಹಲಗೆ ಬಾರಿಸುತ್ತ ಪಕ್ಕದೂರಿನ ಸೀಮೆಗೆ ನೂಕಿ ಬರುತ್ತಿದ್ದರು. ಆಯಿ ಎಂದು ಕರೆಯುವ ಆ ದೇವಿಯ ಜೊತೆ ಬ್ಯಾನಿಯೂ, ಅಂದರೆ ರೋಗವೂ, ದಾಟುತ್ತದೆಂಬ ನಂಬಿಕೆ. ಗಾಡಿ ತಮ್ಮ ಸೀಮೆಗೆ ಬಂತೆಂದು ಕೇಳಿದ್ದೇ ಕೇಶರಬಾಯಿಯ ಊರಿನ ಗಂಡಸರೆಲ್ಲ ಅದನ್ನು ತಡೆಯಲು ಬಡಿಗೆ ಹಿಡಿದು ಓಡಿದರು.

ಕೇಶರಬಾಯಿ ರೊಟ್ಟಿ ತಟ್ಟುತ್ತಿದ್ದಳು. ನೆರೆಮನೆಯ ರಾಬಿಯಾ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಗಾಡಿ ಹಿಂದ ಹುಮನಾಬಾದ್ ದವಾಖಾನಿ ನರ್ಸ್ ಬಾಯಿ ಬಂದಾಳ, ಸೋನುಬಾಯಿ ಅಂತ. ವಾಂತಿಭೇದಿ ಬರಬಾರದಂತ ಮಂದಿ ಕೂಡಿದಲ್ಲೇ ಸೂಜಿ ಚುಚ್ಚಾಕತ್ತಾಳ! ನಮ್ಮ ಗಂಡಸ್ರು ಆಕೀನ್ನೂ ಒಳಗ ಬಿಡವಲ್ರು."

ಕೇಶರಬಾಯಿಯ ಕೈ ನಿಂತಿತು. ಹಿಂದಿನ ಸಲ ಇದೇ ಬ್ಯಾನಿ ಮಗಳನ್ನು ಒಯ್ದಿತ್ತು. ಉಳಿದವನು ಪುಟ್ಟ ಏಕನಾಥ ಒಬ್ಬನೇ. ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಹಸಿರು ಬಳೆ ಇಟ್ಟುಕೊಂಡು, ಮಗನನ್ನು ಕಂಕುಳಿಗೇರಿಸಿ ಹೊರಟೇಬಿಟ್ಟಳು.

ಸೀಮೆಯಲ್ಲಿ ಗಂಡ ಕಾಶಿರಾಮನೇ ಅಡ್ಡ ನಿಂತ. "ಎಲ್ಲಿ ಹೊಂಟಿ? ತಲಿ ಕೆಟ್ಟೈತೇನ?"

"ಆಯಿ ಉಡಿ ತುಂಬಾಕ. ಸೀಮಿಗೆ ಬಂದಾಕೀನ್ನ ಬರಿಗೈಲೆ ಕಳಸ್ತೀರೇನ? ಅಡ್ಡ ನಿಂತವರ ಹೆಸರ ಆಯಿಗೆ ಹೇಳ್ಲ್ಯಾ?"

ಉಡಿ ತುಂಬಲು ಹೊರಟ ಮುತ್ತೈದೆಯನ್ನು ತಡೆಯುವ ಧೈರ್ಯ ಯಾರಿಗಿತ್ತು! ಬಡಿಗೆಗಳು ಸರಿದವು.

ಗಾಡಿಯಾಚೆ ಎತ್ತರದ ಹೆಂಗಸೊಬ್ಬಳು ಸ್ಟೋವಿನ ಮೇಲೆ ಸೂಜಿ ಕುದಿಸುತ್ತಿದ್ದಳು. "ಉಡಿ ಆಯ್ತೇನವ್ವ? ಈಗ ತೋಳ ತಾ. ಮೊದಲ ನಿಂದು. ನೀ ಅತ್ತರ ಮಗ ಹ್ಯಾಂಗ ಸುಮ್ಮಿರ್ತಾನ?"

ಕೇಶರಬಾಯಿ ಹಲ್ಲು ಕಚ್ಚಿ ನಕ್ಕಳು. ಏಕನಾಥ ಚೀರಿದ. ತಿರುಗಿ ನೋಡಿದರೆ ಊರ ಹೆಂಗಸರೆಲ್ಲ ಮೊರ ಹೊತ್ತು ಓಡಿ ಬರುತ್ತಿದ್ದಾರೆ! ರಾಬಿಯಾ ಎಲ್ಲರಿಗಿಂತ ಮುಂದೆ, ಬರಿ ಮೊರ ಹಿಡಿದು. ಕೊನೆಗೆ ಕಾಶಿರಾಮನೂ ಅಂಗಿಯ ತೋಳು ಮಡಚುತ್ತ ಬಂದ. "ಹೆಂಗಸ್ರಿಗಷ್ಟೇ ಏನ್ರಿ ಬಾಯಾರ?"

ಆ ಸಲ ಏಕನಾಥ ಉಳಿದ.

ಅಲ್ಲಿಂದ ಪ್ರತಿ ಬೇಸಿಗೆ ಸೋನುಬಾಯಿ ಬಂದಳು, ಬಾವಿಗೆ ಬಿಳಿ ಔಷಧದ ಪುಡಿ ಹಾಕಿಸಿದಳು. "ನೀರು ನಾರತೈತಿ" ಎಂದು ಮೂಗು ಮುಚ್ಚಿದ ಪಂಚಾಯ್ತಿ ಚೇರ್ಮನ್‌ನ ಎದುರೇ ಚೊಂಬು ಎತ್ತಿ ಗಟಗಟ ಕುಡಿದಳು. ಓಟು ಕೇಳಲು ಬಂದವರಿಗೆ, ಮೊದಲು ಬಾವಿಗೆ ಪುಡಿ, ಆಮೇಲೆ ಓಟು ಎಂದು ಹೆಂಗಸರು ಹೇಳುವಂತೆ ಮಾಡಿದವಳೂ ಅವಳೇ.

೧೯೮೦ರ ಹೊತ್ತಿಗೆ ಸೋನುಬಾಯಿಯೇ ಕಾಯಿಲೆ ಬಿದ್ದು ಬಸವಕಲ್ಯಾಣದ ದವಾಖಾನೆಯಲ್ಲಿ ಮಲಗಿದ್ದಳು. ಕೇಶರಬಾಯಿ ಮೋಸಂಬಿ ಒಯ್ದಳು.

"ಹಣ್ಣ ಇರ್ಲಿ. ಚಿಟಗುಪ್ಪದಾಗ ಮತ್ತ ವಾಂತಿಭೇದಿ ಎದ್ದೈತಂತ. ನಿಮ್ಮ ಬಾವಿಗೆ ಪುಡಿ ಬಿತ್ತೇನ?"

"ಇಲ್ರಿ ಬಾಯಾರ. ಚೇರ್ಮನ್ರು ನಾಳಿ ಅಂದಾರ."

ಸೋನುಬಾಯಿ ಮೊಳಕೈ ಊರಿ ಎದ್ದು ಕೂತಳು. "ಮತ್ತ ಇಲ್ಲೇನ ಕುಂತಿ? ಬಸ್ಸ ಹೊಂಟೈತಿ. ಓಡು! ಹೆಂಗಸ್ರನ್ನ ಕರ್ಕೊಂಡು ಚೇರ್ಮನ್ ಬಾಗಿಲಾಗ ಕೂಡು. ಪುಡಿ ಬೀಳೂತನ ಏಳಬ್ಯಾಡ."